ಉಪ್ಪುಗಾಳಿಯ ಊರಿನಲ್ಲಿ ಹಳೇ ಬ್ಯಾಟರಿ ಚಾರ್ಜರ್: ದೋಷ ಹುಡುಕುವ, ಸರಿಪಡಿಸುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಮಂಗಳೂರಿನ ದಕ್ಕೆಯಲ್ಲಿ, ನೇತ್ರಾವತಿ ಅಳಿವೆಯ ಬದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಎಂಜಿನ್ ಸ್ಟಾರ್ಟ್ ಮಾಡಲು, ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್, ದೀಪ ಎಲ್ಲಕ್ಕೂ ಬೇಕಾದ ಬ್ಯಾಟರಿಗಳು ಆ ಎರಡು ತಿಂಗಳು ಕೆಲಸವಿಲ್ಲದೆ ಕೂರುತ್ತವೆ. ಸುಮ್ಮನಿಟ್ಟ ಲೆಡ್ ಆಸಿಡ್ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ತಿಂಗಳಿಗೆ ಶೇ 5ರ ಆಸುಪಾಸು ಇಳಿಯುತ್ತದೆ. ಸೆಖೆ ಹೆಚ್ಚಿದ್ದರೆ, ಬ್ಯಾಟರಿ ಹಳತಾಗಿದ್ದರೆ ಇನ್ನೂ ಬೇಗ. ಇದೇ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋದಾಗ ಉಳ್ಳಾಲ, ತೊಕ್ಕೊಟ್ಟು, ಸೋಮೇಶ್ವರದ ಮನೆಗಳ ಇನ್ವರ್ಟರ್ ಬ್ಯಾಟರಿಗಳೂ ತಳ ಕಾಣುತ್ತವೆ. ಆಗ ಮೂಲೆಯಿಂದ ಹೊರಬರುವುದು ಹಳೆಯ ಕಬ್ಬಿಣದ ಚಾರ್ಜರ್. ಸ್ವಿಚ್ ಒತ್ತಿದರೆ ಮೀಟರಿನ ಮುಳ್ಳು ಅಲುಗುವುದಿಲ್ಲ.

ಇಂಥ ಚಾರ್ಜರನ್ನು ಗುಜರಿಗೆ ಹಾಕುವ ಮೊದಲು ಒಂದು ಗಂಟೆ ಅದಕ್ಕೆ ಕೊಡಿ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದೆರಡು ಫ್ಯೂಸ್, ಸ್ವಿಚ್, ಮೀಟರ್, ವೈರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಕಡಲ ದಂಡೆಯ ಊರಿನಲ್ಲಿ ಇವುಗಳ ಪೈಕಿ ಮೊದಲು ಸೋಲುವುದು ವೈರು ಮತ್ತು ಲೋಹ ಸೇರುವ ಜೋಡಣೆಗಳು. ಅದಕ್ಕೆ ಸ್ಪಷ್ಟ ಕಾರಣವಿದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದ ಉಳ್ಳಾಲದಲ್ಲಿ ತೇವಾಂಶ ಬಹುತೇಕ ದಿನ ಅದಕ್ಕಿಂತ ಮೇಲೆಯೇ. ಕಡಲಗಾಳಿ ತಂದ ಉಪ್ಪು ಸ್ಕ್ರೂ, ಟರ್ಮಿನಲ್, ಸ್ವಿಚ್‌ಗಳ ಮೇಲೆ ಉಪ್ಪುನೀರಿನ ತೆಳು ಪದರವಾಗಿ ನಿಂತು ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಲಿ. ಅಳೆಯದೆ ಯಾವ ಭಾಗವನ್ನೂ ಬದಲಿಸಬೇಡಿ.

ಮೊದಲು ಜೀವದ ಎಚ್ಚರ

ಈ ಪೆಟ್ಟಿಗೆಯ ಒಂದು ಬದಿಯಲ್ಲಿ ಮನೆಯ 230 ವೋಲ್ಟ್, ಇನ್ನೊಂದು ಬದಿಯಲ್ಲಿ ಗಂಧಕಾಮ್ಲ ತುಂಬಿದ ಬ್ಯಾಟರಿ. ಎರಡಕ್ಕೂ ಬೇರೆ ಬೇರೆ ಎಚ್ಚರ ಬೇಕು.

ಮುಚ್ಚಳ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಬ್ಯಾಟರಿಯ ಕ್ಲಿಪ್ಪುಗಳನ್ನೂ ತೆಗೆಯಿರಿ. ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡಬೇಡಿ. ಚಾರ್ಜರ್ ಹಾಕುವ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಕಡಲ ದಂಡೆಯ ಶೆಡ್ಡಿನಲ್ಲಿ, ದಕ್ಕೆಯಲ್ಲಿ ಅದಿಲ್ಲದೆ ಕೆಲಸಕ್ಕೆ ಇಳಿಯಬಾರದು.

ಬ್ಯಾಟರಿ ತುಂಬುತ್ತ ಬಂದಾಗ ಅದರಿಂದ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಶೇ 4 ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಈ ಅನಿಲ ಹಗುರ. ಬೋಟಿನ ಅಟ್ಟದ ಅಡಿಯಲ್ಲಿ, ಮುಚ್ಚಿದ ಕೋಣೆಯ ಮಾಡಿನಡಿಯಲ್ಲಿ ಶೇಖರವಾಗುತ್ತದೆ. ಬ್ಯಾಟರಿಯನ್ನು ಬೋಟಿನಿಂದ ಹೊರತೆಗೆದು ಗಾಳಿಯಾಡುವ ಕಡೆ ಚಾರ್ಜ್ ಮಾಡಿ. ಹತ್ತಿರದಲ್ಲಿ ಬೀಡಿ, ಊದುಬತ್ತಿ, ಒಲೆ ಬೇಡ. ಕ್ಲಿಪ್ ಹಾಕುವಾಗ ಮೊದಲು ಪ್ಲಸ್, ಆಮೇಲೆ ಮೈನಸ್, ಕೊನೆಗೆ ಕರೆಂಟಿನ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್ ಆಫ್, ನಂತರ ಕ್ಲಿಪ್. ಈ ಕ್ರಮ ತಪ್ಪಿದರೆ ಕಿಡಿ ಹಾರುವುದು ಬ್ಯಾಟರಿಯ ಬಾಯಿಯ ಬಳಿಯಲ್ಲೇ.

ಕೈಯ ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಸಿಹಿನೀರು ಇರಲಿ. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಹೊಯ್ಯುತ್ತಲೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ನೆಲಕ್ಕೆ, ಕಬ್ಬಿಣಕ್ಕೆ ಚೆಲ್ಲಿದ ಆಸಿಡ್‌ಗೆ ಅಡಿಗೆ ಸೋಡಾ ಕದಡಿದ ನೀರು ಸುರಿಯಿರಿ. ನೊರೆ ನಿಂತ ಮೇಲೆ ತೊಳೆಯಿರಿ.

ಬೋಟಿನವರಿಗೆ ಇನ್ನೊಂದು ಮಾತು: ಸಮುದ್ರದ ನೀರು ಬ್ಯಾಟರಿಯ ಸೆಲ್‌ನೊಳಗೆ ಹೋಗಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬೇಡಿ. ಉಪ್ಪಿನಲ್ಲಿರುವ ಕ್ಲೋರೈಡ್‌ನಿಂದ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸದ ಬ್ಯಾಟರಿ ಇಂದಿಗೂ ಅದೇ ತತ್ವದ ಮೇಲೆ ನಡೆಯುತ್ತಿದೆ. ಕರೆಂಟ್ ಕೊಡುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡುವಾಗ ಆ ಸಲ್ಫೇಟ್ ಬಿಡಿಸಿಕೊಂಡು ಆಸಿಡ್ ಮತ್ತೆ ಗಟ್ಟಿಯಾಗುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಬಿಡುವುದಿಲ್ಲ.

ಚಾರ್ಜರ್ ಮಾಡುವ ಕೆಲಸ ಎರಡೇ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 15ರಿಂದ 18 ವೋಲ್ಟಿಗೆ ಇಳಿಸುತ್ತದೆ. ಅದು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಎಸಿ. ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುತ್ತದೆ. ಸಾಮಾನ್ಯವಾಗಿ ನಾಲ್ಕು ಡಯೋಡ್‌ಗಳ ಬ್ರಿಡ್ಜ್ ಇರುತ್ತದೆ. ಕೆಲವುಗಳಲ್ಲಿ ನಡುವೆ ಟ್ಯಾಪ್ ತೆಗೆದ ವೈಂಡಿಂಗ್ ಮತ್ತು ಬೋಲ್ಟಿನಂತೆ ಕೂರಿಸಿದ ಎರಡು ದಪ್ಪ ಡಯೋಡ್. ತೀರ ಹಳೆಯದರಲ್ಲಿ ಚೌಕದ ತಗಡುಗಳನ್ನು ಸಾಲಾಗಿ ಪೋಣಿಸಿದ ಸೆಲೆನಿಯಂ ರೆಕ್ಟಿಫೈಯರ್ ಸಿಗುತ್ತದೆ. 6, 12, 24 ವೋಲ್ಟ್ ಅಥವಾ ‘ಲೋ–ಹೈ’ ಎಂದು ತಿರುಗಿಸುವ ಸ್ವಿಚ್ ವೈಂಡಿಂಗಿನ ಬೇರೆ ಬೇರೆ ಟ್ಯಾಪ್‌ಗಳಿಗೆ ಸಂಪರ್ಕ ಕೊಡುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕರೆಂಟ್ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹಂತಹಂತವಾಗಿ ನೋಡಬಹುದು.

ಕೆಟ್ಟದ್ದು ಚಾರ್ಜರೋ, ಬ್ಯಾಟರಿಯೋ?

ಮುಳ್ಳು ಏಳಲಿಲ್ಲ ಎಂದ ಕೂಡಲೇ ಚಾರ್ಜರ್ ಮೇಲೆ ತಪ್ಪು ಹೊರಿಸಬೇಡಿ. ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಇಟ್ಟು ನೋಡಿ. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ 12.6 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 11.8ಕ್ಕಿಂತ ಕಡಿಮೆ ಅಂದರೆ ಬರಿದು. 10.5ರ ಆಸುಪಾಸಿನಲ್ಲೇ ನಿಂತಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು. ಒಂದು ಸೆಲ್‌ಗೆ ಸುಮಾರು 2.1 ವೋಲ್ಟ್.

ಈಗ ಚಾರ್ಜರ್ ಹಾಕಿ ಎರಡು ಲಕ್ಷಣ ಗಮನಿಸಿ. ಆಂಪಿಯರ್ ಏಳದೆ, ಬ್ಯಾಟರಿಯ ವೋಲ್ಟೇಜ್ ಮಾತ್ರ ಕ್ಷಣದಲ್ಲಿ 15 ದಾಟಿದರೆ ಪ್ಲೇಟುಗಳು ಸಲ್ಫೇಟ್ ಹಿಡಿದು ಗಟ್ಟಿಯಾಗಿವೆ. ಚಾರ್ಜರ್ ಸರಿ ಇದೆ. ಆಂಪಿಯರ್ ತುಂಬ ಹೋಗುತ್ತಲೇ ಇದ್ದು ಗಂಟೆಗಟ್ಟಲೆಯಾದರೂ ವೋಲ್ಟೇಜ್ 11–12ರಲ್ಲೇ ನಿಂತು, ಐದು ಸೆಲ್‌ಗಳಲ್ಲಿ ಗುಳ್ಳೆ ಬಂದು ಒಂದರಲ್ಲಿ ಬಾರದಿದ್ದರೆ ಆ ಸೆಲ್ ಒಳಗೇ ಶಾರ್ಟ್ ಆಗಿದೆ. ಎರಡೂ ಬ್ಯಾಟರಿಯ ರೋಗ.

ಚಾರ್ಜರನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ವಾಹನದ 12 ವೋಲ್ಟ್ ಹೆಡ್‌ಲೈಟ್ ಬಲ್ಬ್ ಸಾಕು. 55 ಅಥವಾ 60 ವ್ಯಾಟಿನ ಹ್ಯಾಲೊಜೆನ್ ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಚಾರ್ಜರನ್ನು 12 ವೋಲ್ಟಿಗೆ ಇಟ್ಟು ಕ್ಲಿಪ್ಪುಗಳಿಗೆ ಈ ಬಲ್ಬ್ ಸೇರಿಸಿ ಸ್ವಿಚ್ ಹಾಕಿ. ಪ್ರಖರವಾಗಿ ಉರಿದು ಮುಳ್ಳು 4–5ಕ್ಕೆ ಏರಿದರೆ ಚಾರ್ಜರ್ ಆರೋಗ್ಯವಾಗಿದೆ. ಮಂದವಾಗಿ ಉರಿದರೆ ಡಯೋಡ್ ಇಲ್ಲವೇ ಜೋಡಣೆಯ ದೋಷ. ಉರಿಯದೇ ಇದ್ದರೆ ದಾರಿ ಎಲ್ಲೋ ಕಡಿದಿದೆ. ಈ ಪರೀಕ್ಷೆ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಮಾತ್ರ. ಹೊಸ ಆಟೊಮ್ಯಾಟಿಕ್ ಚಾರ್ಜರ್‌ಗಳು ಎದುರಿಗೆ ಬ್ಯಾಟರಿಯ ವೋಲ್ಟೇಜ್ ಕಾಣದೆ ಕೆಲಸ ಶುರುಮಾಡುವುದೇ ಇಲ್ಲ. ಪೂರ್ತಿ ಬರಿದಾದ ಬ್ಯಾಟರಿಯನ್ನೂ ಅನೇಕವು ಗುರುತಿಸುವುದಿಲ್ಲ.

ಬ್ಯಾಟರಿ ಹಾಕದ ಚಾರ್ಜರಿನ ಕ್ಲಿಪ್ಪಿಗೆ ಡಿಸಿ ಮೀಟರ್ ಇಟ್ಟಾಗ 12 ವೋಲ್ಟಷ್ಟೇ ಕಂಡು ಗಾಬರಿಪಡುವವರಿದ್ದಾರೆ. ಕೆಪಾಸಿಟರ್ ಇಲ್ಲದ ಚಾರ್ಜರಿನಿಂದ ಬರುವುದು ಏರಿಳಿಯುವ ಡಿಸಿ. ಮೀಟರ್ ಅದರ ಸರಾಸರಿಯನ್ನು ತೋರಿಸುತ್ತದೆ. 15 ವೋಲ್ಟ್ ಎಸಿಯ ಸರಾಸರಿ ಸುಮಾರು 13.5, ಡಯೋಡ್‌ಗಳಲ್ಲಿ ಒಂದು ವೋಲ್ಟಿಗೂ ಮಿಕ್ಕಿ ಹೋದರೆ 12 ಉಳಿಯುತ್ತದೆ. ಆದರೆ ಅಲೆಯ ತುದಿ 19–20 ವೋಲ್ಟ್ ಮುಟ್ಟುವುದರಿಂದ ಬ್ಯಾಟರಿ ಚಾರ್ಜ್ ಆಗುತ್ತದೆ. ಅದೇ ಮೀಟರ್ 6ರ ಆಸುಪಾಸು ತೋರಿಸಿದರೆ ಅದು ನಿಜವಾದ ದೋಷ: ಅಲೆಯ ಅರ್ಧ ಭಾಗ ಬರುತ್ತಿಲ್ಲ, ಒಂದು ಡಯೋಡ್ ಕಡಿದಿದೆ.

ಹೊರಗಿನಿಂದ ಆರಂಭ: ಕ್ಲಿಪ್, ವೈರ್, ಪ್ಲಗ್

ಕ್ಲಿಪ್ಪಿನ ಹಲ್ಲುಗಳನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ನಂತರ ಕ್ಲಿಪ್ಪಿಗೆ ವೈರ್ ಸೇರುವ ಜಾಗದ ಪ್ಲಾಸ್ಟಿಕ್ ಕವಚವನ್ನು ಹಿಂದಕ್ಕೆ ಸರಿಸಿ ನೋಡಿ. ಉಪ್ಪುಗಾಳಿಯ ಊರಿನ ಚಾರ್ಜರ್‌ಗಳ ಗುಟ್ಟು ಇಲ್ಲಿರುತ್ತದೆ: ಹೊರಗೆ ಚೆನ್ನಾಗಿ ಕಾಣುವ ವೈರಿನೊಳಗೆ ತಾಮ್ರದ ಎಳೆಗಳು ಹಸಿರಾಗಿ, ಕಪ್ಪಾಗಿ ಪುಡಿಪುಡಿಯಾಗಿರುತ್ತವೆ. ಕಿಲುಬು ಎಳೆಗಳ ನಡುವಿನಿಂದ ಇನ್ಸುಲೇಶನ್ ಒಳಕ್ಕೂ ಸಾಗುತ್ತದೆ. ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಿ. ಒಂದು ಅಡಿ ಕತ್ತರಿಸಿದರೂ ಸಿಗದಿದ್ದರೆ ವೈರನ್ನೇ ಬದಲಿಸಿ. 10 ಆಂಪಿಯರ್ ಚಾರ್ಜರಿಗೆ ಕನಿಷ್ಠ 2.5, ಸಾಧ್ಯವಾದರೆ 4 ಚದರ ಮಿಲಿಮೀಟರಿನ ಎಳೆಎಳೆಯ ತಾಮ್ರದ ವೈರ್ ಹಾಕಿ. ತುದಿಗೆ ಲಗ್ ಹಾಕಿ ಒತ್ತಿ, ಬೆಸುಗೆ ಕೊಟ್ಟು, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿದರೆ ತೇವ ಒಳಹೋಗುವುದಿಲ್ಲ.

ವೈರ್ ಸರಿಯೋ ತಪ್ಪೋ ಎಂದು ಊಹಿಸಬೇಕಿಲ್ಲ. ಚಾರ್ಜರ್ ಓಡುತ್ತಿರುವಾಗ ಅದರ ಹೊರ ಟರ್ಮಿನಲ್‌ಗಳ ವೋಲ್ಟೇಜನ್ನೂ ಬ್ಯಾಟರಿಯ ಸೀಸದ ಕಂಬಗಳ ವೋಲ್ಟೇಜನ್ನೂ ಅಳೆಯಿರಿ. ಎರಡು ಮೀಟರ್ ಉದ್ದದ 2.5 ಚದರ ಮಿಲಿಮೀಟರಿನ ಜೋಡಿ ವೈರಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು 0.3 ವೋಲ್ಟ್ ಕಳೆಯುವುದು ಸಹಜ. ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದರೆ ಜೋಡಣೆಯಲ್ಲಿ ದೋಷವಿದೆ, ಅಲ್ಲಿ ಕೈಯಿಟ್ಟರೆ ಬಿಸಿಯೂ ತಾಗುತ್ತದೆ.

ಇನ್ನೊಂದು ತುದಿಯ ಮೂರು ಪಿನ್ನಿನ ಪ್ಲಗ್ಗನ್ನೂ ಬಿಚ್ಚಿ ನೋಡಿ. ಹಸಿರು ಅರ್ಥಿಂಗ್ ವೈರ್ ದಪ್ಪ ಪಿನ್ನಿಗೆ ಬಿಗಿಯಾಗಿದೆಯೇ, ಇನ್ನೊಂದು ತುದಿ ಕಬ್ಬಿಣದ ಮೈಗೆ ಸ್ಕ್ರೂ ಆಗಿದೆಯೇ ಪರೀಕ್ಷಿಸಿ. ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಪೆಟ್ಟಿಗೆಯ ಬರಿ ಲೋಹಕ್ಕೆ ಮೀಟರ್ ಇಟ್ಟರೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ತುಕ್ಕು ಹಿಡಿದ ಮೈಯ ಮೇಲೆ ಅರ್ಥ್ ಸ್ಕ್ರೂ ಬಿಗಿದರೆ ಪ್ರಯೋಜನವಿಲ್ಲ. ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ.

ಫ್ಯೂಸ್ ಮತ್ತು ಕಟ್‌ಔಟ್

ಫ್ಯೂಸ್ ಹೋಗಿದ್ದರೆ ಹೊಸತು ಹಾಕುವ ಮೊದಲು ಅದು ಹೋದ ಬಗೆ ನೋಡಿ. ಗಾಜಿನ ಫ್ಯೂಸ್‌ನ ತಂತಿ ನಡುವೆ ಮೆಲ್ಲನೆ ಕರಗಿದ್ದರೆ ಸ್ವಲ್ಪ ಹೆಚ್ಚಿನ ಭಾರ ಬಿದ್ದಿದೆ. ಗಾಜು ಒಳಗೆಲ್ಲ ಕಪ್ಪಾಗಿ ಬೆಳ್ಳಿ ಬಳಿದಂತಿದ್ದರೆ ಶಾರ್ಟ್ ಆಗಿದೆ. ಹೊಸ ಫ್ಯೂಸೂ ಹೋಗುತ್ತದೆ. 12 ವೋಲ್ಟ್ 10 ಆಂಪಿಯರ್ ಚಾರ್ಜರ್ ಮನೆಯ ಲೈನಿನಿಂದ ಎಳೆಯುವುದು ಸುಮಾರು ಒಂದು ಆಂಪಿಯರ್. ಆದರೆ ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕಿದ ಕ್ಷಣ ಹಲವು ಪಟ್ಟು ಎಳೆಯುವುದರಿಂದ 2 ಆಂಪಿಯರಿನ ನಿಧಾನ ಕರಗುವ ಬಗೆಯ ಫ್ಯೂಸ್ ಬೇಕು. ಬ್ಯಾಟರಿ ಬದಿಗೆ 15 ಆಂಪಿಯರ್. ಫ್ಯೂಸ್ ಇದ್ದಲ್ಲಿ ತಾಮ್ರದ ತಂತಿ ಸುತ್ತುವುದು ಚಾರ್ಜರನ್ನೂ ಮನೆಯನ್ನೂ ಒಟ್ಟಿಗೆ ಅಪಾಯಕ್ಕೆ ಒಡ್ಡಿದಂತೆ.

ಕೆಲವು ಚಾರ್ಜರ್‌ಗಳಲ್ಲಿ ಬಿಸಿಯಾದಾಗ ಬಾಗುವ ಎರಡು ಲೋಹದ ಪಟ್ಟಿಯ ಕಟ್‌ಔಟ್ ಇರುತ್ತದೆ. ಮುಳ್ಳು ಏರಿ, ಸ್ವಲ್ಪ ಹೊತ್ತಿಗೆ ‘ಟಕ್’ ಎಂದು ಸೊನ್ನೆಗಿಳಿದು, ತಣಿದ ಮೇಲೆ ಮತ್ತೆ ಏರುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಬ್ಯಾಟರಿಯ ಸೆಲ್ ಶಾರ್ಟ್ ಆಗಿದೆಯೇ, ಚಾರ್ಜರಿಗಿಂತ ದೊಡ್ಡ ಬ್ಯಾಟರಿ ಹಾಕಿದ್ದೀರಾ ನೋಡಿ. ಕಟ್‌ಔಟನ್ನು ನೇರ ಮಾಡಿ ತಪ್ಪಿಸಬೇಡಿ.

ಡಯೋಡ್ ಪರೀಕ್ಷೆ

ಟ್ರಾನ್ಸ್‌ಫಾರ್ಮರಿನಿಂದ ಬ್ರಿಡ್ಜ್‌ಗೆ ಬರುವ ವೈರುಗಳನ್ನು ಬಿಡಿಸಿ. ಬಿಡಿಸದಿದ್ದರೆ ವೈಂಡಿಂಗ್ ಮೂಲಕವೇ ಮೀಟರ್ ದಾರಿ ಕಂಡುಕೊಂಡು ತಪ್ಪು ಹೇಳುತ್ತದೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಕಡ್ಡಿ ಬ್ರಿಡ್ಜ್‌ನ ಮೈನಸ್‌ಗೆ, ಕಪ್ಪು ಕಡ್ಡಿ ಒಂದೊಂದು ಎಸಿ ಕಾಲಿಗೆ. ನಂತರ ಕೆಂಪು ಒಂದೊಂದು ಎಸಿ ಕಾಲಿಗೆ, ಕಪ್ಪು ಪ್ಲಸ್‌ಗೆ. ನಾಲ್ಕರಲ್ಲೂ 0.4ರಿಂದ 0.7ರ ನಡುವೆ ಬರಬೇಕು. ಕಡ್ಡಿ ಅದಲುಬದಲು ಮಾಡಿದರೆ ನಾಲ್ಕರಲ್ಲೂ ಏನೂ ಹರಿಯಬಾರದು. ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಆ ಡಯೋಡ್ ಶಾರ್ಟ್, ಎರಡೂ ದಿಕ್ಕಿಗೆ ಏನೂ ಬಾರದಿದ್ದರೆ ಕಡಿದಿದೆ.

ಡಯೋಡ್ ಸಾಯಲು ಮುಖ್ಯ ಕಾರಣ ಕ್ಲಿಪ್ಪನ್ನು ತಿರುಗುಮುರುಗಾಗಿ ಹಾಕಿದ್ದು, ಇಲ್ಲವೇ ಶಾಖ. 10 ಆಂಪಿಯರ್ ಹರಿಯುವಾಗ ಬ್ರಿಡ್ಜ್ ಒಂದರಲ್ಲೇ 15ರಿಂದ 20 ವ್ಯಾಟ್ ಶಾಖ ಹುಟ್ಟುತ್ತದೆ. ಹೊಸತು ಹಾಕುವಾಗ ಎರಡು–ಮೂರು ಪಟ್ಟು ಬಲದ್ದು ಹಾಕಿ. ಚೌಕದ ಲೋಹದ ಮೈಯ 35 ಆಂಪಿಯರ್ ಬ್ರಿಡ್ಜ್ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಬಿಳಿ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿಯಬೇಕು. ಬೋಲ್ಟಿನಂಥ ಡಯೋಡ್‌ಗಳಲ್ಲಿ ಎರಡು ಬಗೆಯಿದೆ: ಒಂದರ ಮೈ ಕ್ಯಾಥೋಡ್, ಇನ್ನೊಂದರ ಮೈ ಆನೋಡ್. ನೋಡಲು ಒಂದೇ ತರ. ಮೈಮೇಲಿನ ಬಾಣದ ಗುರುತು ನೋಡಿ, ಹಳತರ ಬಗೆಯದ್ದನ್ನೇ ತನ್ನಿ.

ಸೆಲೆನಿಯಂ ತಗಡಿನ ರೆಕ್ಟಿಫೈಯರ್ ಸುಟ್ಟರೆ ಕೊಳೆತ ಮೂಲಂಗಿಯಂಥ ಕೆಟ್ಟ ವಾಸನೆ ಬರುತ್ತದೆ. ಆ ಹೊಗೆ ವಿಷ. ಸ್ವಿಚ್ ಆಫ್ ಮಾಡಿ ಹೊರಗೆ ಬನ್ನಿ. ಅದರ ಜಾಗಕ್ಕೆ ಸಿಲಿಕಾನ್ ಬ್ರಿಡ್ಜ್ ಹಾಕಬಹುದು, ಆದರೆ ಒಂದು ಎಚ್ಚರ: ಸೆಲೆನಿಯಂ ತಿನ್ನುತ್ತಿದ್ದಷ್ಟು ವೋಲ್ಟೇಜನ್ನು ಸಿಲಿಕಾನ್ ತಿನ್ನುವುದಿಲ್ಲ. ಹೊರಬರುವ ಕರೆಂಟ್ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ. ಕಡಿಮೆಯ ಟ್ಯಾಪ್‌ಗೆ ಬದಲಿಸಿ, ಇಲ್ಲವೇ ಬ್ಯಾಟರಿಗೆ ಹೋಗುವ ದಾರಿಯಲ್ಲಿ 12 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ.

ಟ್ರಾನ್ಸ್‌ಫಾರ್ಮರ್ ಮತ್ತು ಮಳೆಗಾಲದ ತೇವ

ಪ್ಲಗ್ ಕಿತ್ತಿರುವಾಗಲೇ ಸ್ವಿಚ್ಚನ್ನು ಆನ್ ಸ್ಥಾನಕ್ಕಿಟ್ಟು ಪ್ಲಗ್ಗಿನ ಎರಡು ಪಿನ್‌ಗಳ ನಡುವೆ ಓಮ್ಸ್ ಅಳೆಯಿರಿ. ಸಣ್ಣ ಚಾರ್ಜರ್‌ಗಳಲ್ಲಿ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ಬರುತ್ತದೆ. ಏನೂ ಬಾರದಿದ್ದರೆ ಫ್ಯೂಸ್, ಸ್ವಿಚ್, ಪ್ರೈಮರಿ (230 ವೋಲ್ಟ್ ಬದಿಯ) ವೈಂಡಿಂಗ್ ಮೂರರಲ್ಲಿ ಒಂದು ಕಡಿದಿದೆ, ಒಂದೊಂದಾಗಿ ನೋಡಿ. ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ವೈಂಡಿಂಗಿನ ಮೇಲಿನ ಟೇಪಿನಡಿಯಲ್ಲಿ ಸಣ್ಣ ಥರ್ಮಲ್ ಫ್ಯೂಸ್ ಅಡಗಿರುತ್ತದೆ. ಅದು ಹೋಗಿದ್ದರೆ ಅದೇ ತಾಪಮಾನದ ಇನ್ನೊಂದನ್ನೇ ಹಾಕಬೇಕು. ಬ್ಯಾಟರಿ ಬದಿಯ ಸೆಕೆಂಡರಿ ವೈಂಡಿಂಗ್ ದಪ್ಪ ತಂತಿಯದ್ದು, ಒಂದು ಓಮ್‌ಗೂ ಕಡಿಮೆ.

ಮೊದಲ ಸಲ ಕರೆಂಟ್ ಕೊಡುವಾಗ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ಬಳಸಿ: 60 ಅಥವಾ 100 ವ್ಯಾಟಿನ ಹಳೇ ಬಗೆಯ ತಂತಿಯ ಬಲ್ಬನ್ನು ಫೇಸ್ ಲೈನಿನಲ್ಲಿ ಸೀರೀಸ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬ್ಯಾಟರಿ ಹಾಕದೆ ಸ್ವಿಚ್ ಒತ್ತಿದಾಗ ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. ಆಗ ಡಯೋಡ್‌ಗೆ ಹೋಗುವ ವೈರ್ ಬಿಡಿಸಿ ಮತ್ತೆ ನೋಡಿ: ಬಲ್ಬ್ ಮಂಕಾದರೆ ಡಯೋಡ್ ದೋಷ, ಇನ್ನೂ ಉರಿದರೆ ವೈಂಡಿಂಗ್ ಒಳಗೇ ಸುತ್ತುಗಳು ಶಾರ್ಟ್ ಆಗಿವೆ. ಅಂಥದ್ದನ್ನು ಪಂಪು, ಮೋಟಾರ್ ವೈಂಡಿಂಗ್ ಮಾಡುವವರ ಬಳಿ ಕೊಟ್ಟು ಮರುಸುತ್ತಿಸಬಹುದು. ಹಳೆಯ ಸುತ್ತುಗಳ ಲೆಕ್ಕ ಮತ್ತು ತಂತಿಯ ಗೇಜ್ ತಪ್ಪಬಾರದು.

ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ, ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ತೇವ ವೈಂಡಿಂಗಿಗೆ ಇಳಿದಿದೆ. ಆರ್‌ಸಿಸಿಬಿ ತಪ್ಪಿಸಿ ಓಡಿಸಬೇಡಿ. ಧೂಳು, ಉಪ್ಪನ್ನು ಬ್ರಷ್‌ನಿಂದ ತೆಗೆದು ಟರ್ಮಿನಲ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ನಂತರ ಪೆಟ್ಟಿಗೆಯನ್ನು ಮುಚ್ಚಳ ತೆರೆದು, ಸಣ್ಣ ಕಪಾಟಿನೊಳಗೆ 60 ವ್ಯಾಟಿನ ತಂತಿಯ ಬಲ್ಬ್ ಹೊತ್ತಿಸಿ ಒಂದೆರಡು ದಿನ ಒಣಗಿಸಿ. ಬಲ್ಬ್ ಯಾವುದಕ್ಕೂ ತಾಗದಿರಲಿ. ಎಲೆಕ್ಟ್ರಿಷಿಯನ್‌ನಿಂದ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಸಿ ವೈಂಡಿಂಗ್ ಮತ್ತು ಮೈ ನಡುವೆ ಅಳೆಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಇನ್ನೂ ಒಣಗಿಸಿ. ಒಣಗಿದ ಮೇಲೂ ಏರದಿದ್ದರೆ ಆ ಟ್ರಾನ್ಸ್‌ಫಾರ್ಮರ್ ಬಳಸಬೇಡಿ. ಒಣಗಿದ್ದಕ್ಕೆ ಇನ್ಸುಲೇಟಿಂಗ್ ವಾರ್ನಿಶ್ ಕೊಡಿಸಿದರೆ ಮುಂದಿನ ಮಳೆಗಾಲಗಳಿಗೆ ರಕ್ಷಣೆ. ಜೋರಾಗಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರಿನ ತಗಡು ಬಿಗಿಯುವ ಬೋಲ್ಟುಗಳನ್ನೂ ಬಿಗಿ ಮಾಡಿ.

ಟ್ಯಾಪ್ ಬದಲಿಸುವ ತಿರುಗು ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಸುಟ್ಟು ಕಪ್ಪಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಸಲ ತಿರುಗಿಸಿ. ಚಾರ್ಜರ್ ಓಡುತ್ತಿರುವಾಗ ಈ ಸ್ವಿಚ್ ತಿರುಗಿಸುವುದರಿಂದಲೇ ಅದು ಸುಡುವುದು. ಮುಳ್ಳು ಮಾತ್ರ ಸಿಕ್ಕಿಕೊಂಡಿದ್ದರೆ ಡಿಸಿ ಕ್ಲಾಂಪ್ ಮೀಟರ್ ಹಾಕಿ ನಿಜವಾದ ಆಂಪಿಯರ್ ನೋಡಿ. ಹೊರಬದಿಯಲ್ಲಿ ಆಂಪಿಯರ್ ಮೀಟರ್ ಸೀರೀಸ್‌ನಲ್ಲಿರುವುದರಿಂದ ಅದರ ಒಳತಂತಿ ಕಡಿದರೆ ಇಡೀ ಚಾರ್ಜರ್ ಸತ್ತಂತೆ ಕಾಣುತ್ತದೆ.

ಹಗುರವಾದ, ಟ್ರಾನ್ಸ್‌ಫಾರ್ಮರಿನ ಭಾರವಿಲ್ಲದ ಚಾರ್ಜರ್ ಆಗಿದ್ದರೆ ಅದು ಎಸ್‌ಎಂಪಿಎಸ್. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ತರಬೇತಿ ಇಲ್ಲದವರು ಅದನ್ನು ಬಿಚ್ಚಬಾರದು.

ಲಕ್ಷಣ ನೋಡಿ ಕಾರಣ ತಿಳಿಯಿರಿ

- ಶಬ್ದವೂ ಇಲ್ಲ, ಮುಳ್ಳೂ ಇಲ್ಲ: ಪ್ಲಗ್, ವೈರ್, ಲೈನ್ ಫ್ಯೂಸ್, ಸ್ವಿಚ್, ಪ್ರೈಮರಿ.
- ಗುಂಯ್‌ಗುಡುತ್ತದೆ, ಮುಳ್ಳು ಏಳುವುದಿಲ್ಲ: ಕ್ಲಿಪ್, ಹೊರಬದಿಯ ಫ್ಯೂಸ್, ಆಂಪಿಯರ್ ಮೀಟರ್, ಡಯೋಡ್, ಸಲ್ಫೇಟ್ ಹಿಡಿದ ಬ್ಯಾಟರಿ.
- ಆಂಪಿಯರ್ ಅರ್ಧಕ್ಕೆ ನಿಂತಿದೆ: ಒಂದು ಡಯೋಡ್ ಕಡಿದಿದೆ.
- ಬ್ಯಾಟರಿ ಹಾಕದೆಯೂ ಜೋರು ಗುಂಯ್‌ಗುಟ್ಟಿ ಫ್ಯೂಸ್ ಹೋಗುತ್ತದೆ: ಡಯೋಡ್ ಶಾರ್ಟ್ ಅಥವಾ ವೈಂಡಿಂಗ್ ಶಾರ್ಟ್.
- ಬ್ಯಾಟರಿ ಹಾಕಿದ ಕೂಡಲೇ ಮಾತ್ರ ಫ್ಯೂಸ್ ಹೋಗುತ್ತದೆ: ಪ್ಲಸ್–ಮೈನಸ್ ಅದಲುಬದಲು, ಸೆಲ್ ಶಾರ್ಟ್, 24ಕ್ಕೆ ಇಟ್ಟ ಸ್ವಿಚ್.
- ಮುಳ್ಳು ಕುಣಿಯುತ್ತದೆ: ಸಡಿಲ ಜೋಡಣೆ, ಕಿಲುಬು.

ಸರಿಯಾದ ಮೇಲೆ ಸರಿಯಾಗಿ ಬಳಸಿ

ಹಳೆಯ ಚಾರ್ಜರಿಗೆ ತಾನಾಗಿ ನಿಲ್ಲುವ ಬುದ್ಧಿ ಇಲ್ಲ. ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ, ವೋಲ್ಟೇಜ್ 16ರ ಹತ್ತಿರಕ್ಕೂ ಹೋಗುತ್ತದೆ, ನೀರು ಅನಿಲವಾಗಿ ಹೋಗಿ ಪ್ಲೇಟುಗಳು ಉದುರುತ್ತವೆ. ಆದ್ದರಿಂದ ರಿಪೇರಿಯ ಕೊನೆಯ ಹಂತವಾಗಿ ಒಂದು ಆಟೊಮ್ಯಾಟಿಕ್ ಕಟ್‌ಆಫ್ ರಿಲೇ ಅಥವಾ ಕನಿಷ್ಠ ಟೈಮರ್ ಸೇರಿಸಿ. 14.4 ವೋಲ್ಟ್ ತಲುಪಿದಾಗ ಚೆನ್ನಾಗಿ ಗುಳ್ಳೆ ಏಳುತ್ತದೆ. ಆಂಪಿಯರ್ ಇಳಿದು ನಿಂತ ಮೇಲೆ ಸಾಕು. ಸದಾ ಸಂಪರ್ಕದಲ್ಲಿಡಬೇಕಿದ್ದರೆ 13.5ರಿಂದ 13.8ರ ಮೇಲೆ ಹೋಗಬಾರದು. ಕಟ್‌ಆಫ್ ಇಲ್ಲದ ಚಾರ್ಜರನ್ನು ಸೀಲ್ ಆದ ಬ್ಯಾಟರಿಗೆ ಹಾಕಬೇಡಿ, ಉಬ್ಬುತ್ತದೆ. ಲಿಥಿಯಂ ಬ್ಯಾಟರಿಗಂತೂ ಎಂದಿಗೂ ಹಾಕಬೇಡಿ.

ಚಾರ್ಜ್ ಮಾಡುವ ಕರೆಂಟ್ ಬ್ಯಾಟರಿಯ ಆಂಪಿಯರ್–ಅವರ್‌ನ ಹತ್ತನೇ ಒಂದು ಭಾಗ ಇದ್ದರೆ ಕ್ಷೇಮ. 100 ಆಂಪಿಯರ್–ಅವರ್ ಬ್ಯಾಟರಿಗೆ 10 ಆಂಪಿಯರ್. ಅದು ಅರ್ಧ ಬರಿದಾಗಿದ್ದರೆ 50ಕ್ಕೆ ಐದನೇ ಒಂದು ಭಾಗ ಕೂಡಿಸಿ ಸುಮಾರು 6 ಗಂಟೆ, ಪೂರ್ತಿ ಬರಿದಾಗಿದ್ದರೆ 12 ಗಂಟೆ ಮೇಲೆ. ತುಂಬಿದ್ದು ಖಚಿತವಾಗಲು ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಡಿ. ನಮ್ಮ ಸೆಖೆಗೆ ಹೊಂದಿಸಿದ ಇನ್ವರ್ಟರ್ ಬ್ಯಾಟರಿಗಳು ತುಂಬಿದಾಗ ಸಾಮಾನ್ಯವಾಗಿ 1.240, ವಾಹನದವು 1.260–1.280 ತೋರಿಸುತ್ತವೆ. ಆರು ಸೆಲ್‌ಗಳೂ ಹೆಚ್ಚುಕಡಿಮೆ ಒಂದೇ ಇರಬೇಕು.

ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಅಳಿವೆಗೂ ಕಡಲಿಗೂ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಸೇರುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಉಪ್ಪೂ ಪ್ಲೇಟನ್ನು ತಿನ್ನುತ್ತದೆ. ಟರ್ಮಿನಲ್ ಸ್ವಚ್ಛ ಮಾಡಿ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ನಿಷೇಧದ ಎರಡು ತಿಂಗಳಲ್ಲಿ ಬ್ಯಾಟರಿಯನ್ನು ಜೂನ್ ಮೊದಲ ವಾರದಲ್ಲಿ ಪೂರ್ತಿ ತುಂಬಿ, ತಿಂಗಳಿಗೊಮ್ಮೆ ಮತ್ತೆ ತುಂಬಿ; ಸಲ್ಫೇಟ್ ಗಟ್ಟಿಯಾಗಲು ಅವಕಾಶವೇ ಸಿಗುವುದಿಲ್ಲ. ಚಾರ್ಜರನ್ನು ನೆಲದಿಂದ ಎತ್ತರದಲ್ಲಿ, ಬ್ಯಾಟರಿಯ ಆಸಿಡ್ ಆವಿ ತಾಗದ ದೂರದಲ್ಲಿಡಿ. ಕೆಲಸವಿಲ್ಲದಾಗ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಯಾವಾಗ ಕೈಬಿಡಬೇಕು?

ವೈಂಡಿಂಗ್ ಸುಟ್ಟಿದ್ದರೆ, ಮೆಗ್ಗರ್ ಪರೀಕ್ಷೆಯಲ್ಲಿ ಸೋತರೆ, ತುಕ್ಕಿನಿಂದ ಮೈ ತೂತಾಗಿ ಒಳಗಿನ 230 ವೋಲ್ಟ್ ಕೈಗೆ ಸಿಗುವಂತಿದ್ದರೆ ಅದನ್ನು ಬಿಡಿಭಾಗಗಳಿಗಾಗಿ ಮಾತ್ರ ಇಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಗಟ್ಟಿ, ಮೈ ಗಟ್ಟಿ, ಅರ್ಥಿಂಗ್ ಸರಿ ಎಂದಾದರೆ ಮಾತ್ರ ರಿಪೇರಿಗೆ ಅರ್ಥವಿದೆ. ವೈರ್, ಕ್ಲಿಪ್, ಬ್ರಿಡ್ಜ್, ಫ್ಯೂಸ್ ಇವೆಲ್ಲ ಬದಲಿಸಬಹುದಾದ ಸಣ್ಣ ವಸ್ತುಗಳು.

ಸತ್ತ ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವ ಕೆಲಸಕ್ಕೆ ಯಾರಿಗೂ ಕೊಡಬೇಡಿ, ಆಸಿಡನ್ನು ಚರಂಡಿಗೆ, ಅಳಿವೆಗೆ ಸುರಿಯಬೇಡಿ. ಸೀಸ ಮಕ್ಕಳ ಮೆದುಳಿಗೆ ತಟ್ಟುವ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳತನ್ನು ಒಪ್ಪಿಸಿ, ಬೆಲೆಯಲ್ಲಿ ಕಡಿತ ಕೇಳಿ.

ಸರಿಪಡಿಸಿದ ಚಾರ್ಜರಿನ ಮೈಮೇಲೆ ತಾರೀಕು, ಹಾಕಿದ ಫ್ಯೂಸಿನ ಅಳತೆ ಬರೆದಿಡಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕ್ಲಿಪ್ ಉಜ್ಜಿ, ಅರ್ಥ್ ಅಳೆದು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಬ್ಯಾಟರಿ ಎಷ್ಟೇ ಚೆನ್ನಾಗಿ ತುಂಬಿಸಲಿ, ಅರ್ಥಿಂಗ್ ಇಲ್ಲದ ಚಾರ್ಜರ್ ಬಳಕೆಗೆ ಯೋಗ್ಯವಲ್ಲ.